ಮಕ್ಕಳ ಉಬ್ಬಸವೂ ನೆರೆಹೊರೆಯೂ

ವಾಚಕ ಮಹಾಶಯರಲ್ಲಿ ಮೊದಲಿಗೇ ಒಂದು ಅರಿಕೆ. ನಾವು ವೈದ್ಯರಲ್ಲ, ಮೂವತ್ತೈದು ವರ್ಷ ಮಕ್ಕಳಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ 2022ರಲ್ಲಿ ನಿವೃತ್ತರಾದ ಉಪಾಧ್ಯಾಯರು. ರೋಗದ ವಿಷಯವಾಗಿ ಬರೆಯುವುದಕ್ಕೆ ನಮಗಿರುವ ಅಧಿಕಾರ ಒಂದೇ: ಆ ವಿಷಯದಲ್ಲಿ ನಾವು ತಪ್ಪು ಮಾಡಿದ್ದೇವೆ. ಅದನ್ನು ಬಾಯಿಬಿಟ್ಟು ಹೇಳಿಕೊಂಡರೆ ಇನ್ನು ನಾಲ್ಕು ಮನೆಗಳಲ್ಲಾದರೂ ಅಂಥ ತಪ್ಪು ನಡೆಯದೆ ಇರಬಹುದೆಂಬ ಆಸೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮನೆ ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಹೆಗ್ಗನಹಳ್ಳಿಯ ಕಡೆ ಇದೆ. 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಪೀಣ್ಯದ ಪ್ರದೇಶವು ಇಂದು ಲೇತು, ಎರಕ, ಪ್ಲೇಟಿಂಗು, ಸಿದ್ಧ ಉಡುಪು ಮೊದಲಾದ ನೂರು ಬಗೆಯ ಕೆಲಸಗಳಿಂದ ತುಂಬಿಹೋಗಿದೆ. ಗೋಡೆಯ ಈ ಕಡೆ ಸಂಸಾರ, ಆ ಕಡೆ ಯಂತ್ರ. ನಮ್ಮ ಮಗ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸೊಸೆಯು ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ನಗರದ ಇನ್ನೊಂದು ತುದಿಯಾದ ವೈಟ್‌ಫೀಲ್ಡಿನ ಕಂಪೆನಿಯೊಂದಕ್ಕೆ ಹೋಗಿಬರುತ್ತಾಳೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ. ಹೀಗಾಗಿ ಮೊಮ್ಮಗಳ ಪೋಷಣೆಯ ಭಾರ ನಮ್ಮದೂ ನಮ್ಮ ಗೃಹಿಣಿಯದೂ ಆಯಿತು.

ಮಗುವಿಗೆ ನಾಲ್ಕು ವರ್ಷ ತುಂಬಿದಂದಿನಿಂದ ರಾತ್ರಿಯ ವೇಳೆ ಕೆಮ್ಮು ಬರತೊಡಗಿತು. ಹಗಲೆಲ್ಲ ಆಡಿಕೊಂಡಿರುವುದು, ಸರಿರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳುವುದು, ಎದೆಯೊಳಗೆ ಬೆಕ್ಕು ಗುರುಗುಟ್ಟಿದಂತೆ ಸದ್ದು. ನೆಗಡಿಯಾದಾಗ, ಮೋಡ ಮುಸುಕಿದಾಗ, ಓಡಿ ಬಂದಾಗ ಅದು ಹೆಚ್ಚುತ್ತಿದ್ದಿತು. ವೈದ್ಯರು ಪರೀಕ್ಷಿಸಿ, ಇದು ಅಸ್ತಮಾ, ಎಂದರೆ ಉಬ್ಬಸ, ಎಂದು ನಿರ್ಧರಿಸಿ ಎರಡು ಇನ್‌ಹೇಲರುಗಳನ್ನು ಬರೆದುಕೊಟ್ಟರು. ನಮ್ಮ ಬೀದಿಯ ಜನ ಅದನ್ನು ಪಂಪು ಎನ್ನುವರು. ಒಂದನ್ನು ಮಗು ಚೆನ್ನಾಗಿದ್ದರೂ ದಿನಕ್ಕೆರಡು ಹೊತ್ತು ತಪ್ಪದೆ ಕೊಡಬೇಕು. ನೀಲಿ ಬಣ್ಣದ ಇನ್ನೊಂದನ್ನು ಉಸಿರು ಕಟ್ಟಿದಾಗ ಕೊಡಬೇಕು.

ನಮಗೆ ಇದು ಸರಿಬೀಳಲಿಲ್ಲ. ಆಡಿಕೊಂಡಿರುವ ಮಗುವಿಗೆ ಔಷಧವೇಕೆ? ಪಂಪು ಹಿಡಿಸಿದರೆ ಬಿಡಿಸಲಾಗದ ಚಟವಾದೀತು; ಅದರ ಮದ್ದು ಬಲು ಕಟು; ಹೆಣ್ಣುಮಗು, ನಾಲ್ಕು ಜನ ಕಂಡರೆ ಮದುವೆಯ ಕಾಲಕ್ಕೆ ಮಾತಾದೀತು. ಇದರ ಮೇಲೆ ನಮ್ಮ ಪಾಂಡಿತ್ಯದ ಅಭಿಮಾನ ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೇಳನೆಯ ಅಧ್ಯಾಯವು ಬಿಕ್ಕಳಿಕೆಯನ್ನೂ ಶ್ವಾಸರೋಗವನ್ನೂ ಕುರಿತದ್ದು. ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಅದು ಐದು ಬಗೆ. ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಹೆಚ್ಚುವುದು, ಮಲಗಿದರೆ ಬಾಧಿಸುವುದು, ಕುಳಿತರೆ ತುಸು ನೆಮ್ಮದಿಯಾಗುವುದು, ಇವು ತಮಕಶ್ವಾಸದ ಲಕ್ಷಣಗಳೆಂದು ಅಲ್ಲಿ ಹೇಳಿದೆ. ನಮ್ಮ ಮಗುವಿನದು ಇದೇ ಎಂದು ನಾವೇ ತೀರ್ಮಾನಿಸಿ, ಯಾವ ವೈದ್ಯರನ್ನೂ ಕೇಳದೆ ಶುಂಠಿ, ಮೆಣಸು, ಹಿಪ್ಪಲಿಗಳ ಕಷಾಯಕ್ಕೆ ಜೇನು ಬೆರೆಸಿ ಕೊಡತೊಡಗಿದೆವು. ಪಂಪುಗಳ ಪೆಟ್ಟಿಗೆ ಅಟ್ಟವನ್ನೇರಿತು. ರಾತ್ರಿ ಸೊಸೆ ದಣಿದು ಬಂದು, "ಮಾವ, ಮಗೂಗೆ ಔಷಧಿ ಆಯ್ತಾ?" ಎಂದು ಕೇಳಿದರೆ ಆಯಿತೆಂದು ತಲೆಯಾಡಿಸುತ್ತಿದ್ದೆವು. ಸತ್ಯದ ಮೇಲೆ ಮಕ್ಕಳಿಂದ ಎಷ್ಟೋ ಪ್ರಬಂಧಗಳನ್ನು ಬರೆಯಿಸಿದವರು ನಾವು.

2023ರ ಧನುರ್ಮಾಸ ಬಂದಿತು. ಆ ಕಾಲದಲ್ಲಿ ತುಮಕೂರು ರಸ್ತೆಯ ಮೇಲುಸೇತುವೆಯ ಮೇಲೆ ಭಾರಿ ವಾಹನಗಳಿಗೆ ಪ್ರವೇಶವಿರಲಿಲ್ಲ. ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿಯೇ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದುವು. ನಾವೋ, ಚಳಿಯೆಂದು ಕಿಟಕಿಗಳನ್ನು ಮುಚ್ಚಿ, ಸೊಳ್ಳೆಗೆಂದು ಬತ್ತಿ ಹೊತ್ತಿಸಿ, ಬೆಳಗಿನ ಜಾವದ ಪೂಜೆಗೆ ಕೋಣೆ ತುಂಬ ಸಾಂಬ್ರಾಣಿಯ ಹೊಗೆ ಹಾಕುತ್ತಿದ್ದೆವು. ಮಗನಿಗೆ ರಾತ್ರಿ ಪಾಳಿಯಿದ್ದ ಒಂದು ದಿನ, ಸುಮಾರು ಎರಡು ಗಂಟೆಗೆ ಮಗು ಎದ್ದಿತು. ಕೆಮ್ಮಲಿಲ್ಲ, ಕೆಮ್ಮುವುದಕ್ಕೂ ಅದಕ್ಕೆ ಉಸಿರು ಸಾಲದು. ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದಿತು. "ತಾತ" ಎಂಬ ಎರಡಕ್ಷರವನ್ನು ಒಂದೇ ಉಸಿರಿನಲ್ಲಿ ಹೇಳಲಾರದೆ ನಡುವೆ ನಿಲ್ಲಿಸಿತು.

ಸೊಸೆಯು ಪಂಪನ್ನು ಹುಡುಕಿದಳು. ನಾವು ಅಟ್ಟದಿಂದ ಪೆಟ್ಟಿಗೆಯನ್ನಿಳಿಸಿ ಕೊಟ್ಟೆವು. ದಿನವೂ ಕೊಡಬೇಕಾಗಿದ್ದ ಪಂಪಿನ ಮೊಹರು ಒಡೆದಿರಲಿಲ್ಲ. ಅವಳು ಒಮ್ಮೆ ನಮ್ಮ ಮುಖವನ್ನು ನೋಡಿದಳು, ಏನೂ ಹೇಳಲಿಲ್ಲ. ನೀಲಿ ಪಂಪು ಕೈಗೆ ಸಿಕ್ಕಿತಾದರೂ, ಅದಕ್ಕೂ ಮಗುವಿನ ಬಾಯಿಗೂ ನಡುವೆ ಹಿಡಿಯಬೇಕಾದ ಸ್ಪೇಸರ್ ಎಂಬ ಡಬ್ಬಿಯನ್ನು ಎಂದೋ ಹಳೆಯ ಸಾಮಾನುಗಳೊಡನೆ ಗುಜರಿಯವನಿಗೆ ಹಾಕಿಬಿಟ್ಟಿದ್ದೆವು.

ನಮ್ಮ ಗೋಡೆಯಾಚೆ ಒಂದು ಕೋಣೆಯ ಮನೆಯಲ್ಲಿ ರಾಯಚೂರಿನ ಕಡೆಯಿಂದ ಬಂದ ಸಂಸಾರವೊಂದಿದೆ. ಗಂಡ ಗಾರೆ ಕೆಲಸದವನು; ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸದವಳು. ಎರಡು ವರ್ಷ ನೆರೆಯಲ್ಲಿದ್ದರೂ ನಾವು ಅವರ ಹೊಸಿಲನ್ನು ತುಳಿದವರಲ್ಲ. ಗದ್ದಲವನ್ನು ಕೇಳಿ ಆಕೆ ಬಾಗಿಲು ತಟ್ಟಿದಳು. ಮಗುವನ್ನು ಕಂಡವಳೇ, "ಮಾಸ್ತರ, ಕೂಸಿನ್ನ ಮಲಗಸಬ್ಯಾಡ್ರಿ, ಕುಂದರಸ್ರಿ" ಎಂದು ಹೇಳಿ, ಓಡಿಹೋಗಿ ತನ್ನ ಮಗನಿಗಾಗಿ ಇಟ್ಟುಕೊಂಡಿದ್ದ ಒಂದು ಬಾಟಲಿಯನ್ನು ತಂದಳು. ಅದು ನೀರು ಕುಡಿಯುವ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ. ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು. ಪಂಪನ್ನು ಕುಲುಕಿ ಅದಕ್ಕೆ ಸಿಕ್ಕಿಸಿ, ಬಾಟಲಿಯ ಬಾಯನ್ನು ಮಗುವಿನ ತುಟಿಗಳ ನಡುವೆ ಇಟ್ಟು, ಒಂದೇ ಒಂದು ಸಲ ಒತ್ತಿ, "ಉಸರ ತಗೋ ಯವ್ವಾ, ಬಿಡು. ಒಂದ. ತಗೋ, ಬಿಡು. ಎರಡ" ಎಂದು ಎಣಿಸಿದಳು. ನಾಲ್ಕರ ವರೆಗೆ ಎಣಿಸಿ ಮತ್ತೊಮ್ಮೆ ಒತ್ತಿದಳು. ಹೀಗೆ ನಾಲ್ಕು ಸಲ. ಬಳಿಕ ಬೀದಿಯ ಕೊನೆಯ ಮನೆಯ ಆಟೋ ಓಡಿಸುವವನನ್ನು ಅವಳ ಗಂಡನೇ ಎಬ್ಬಿಸಿಕೊಂಡು ಬಂದನು. ಆಸ್ಪತ್ರೆಯ ಬಾಗಿಲನ್ನು ಮುಟ್ಟುವ ವೇಳೆಗೆ ಮಗು "ತಾತ" ಎಂದು ನಿಲ್ಲಿಸದೆ ಹೇಳಿತು. ಅಲ್ಲಿ ಎರಡು ದಿನ ಇರಬೇಕಾಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ನಮಗೆ ಇಪ್ಪತ್ತೈದು ವರ್ಷಗಳ ಹಿಂದಿನ ಒಬ್ಬ ಹುಡುಗನ ನೆನಪಾಯಿತು. ಏಳನೆಯ ತರಗತಿಯವನು, ತಂದೆ ಪ್ಲೇಟಿಂಗಿನ ಕೆಲಸದವನು. ಡ್ರಿಲ್ಲಿನಲ್ಲಿ ಎರಡು ಸುತ್ತು ಓಡಿ ಕುಳಿತುಬಿಡುತ್ತಿದ್ದನು. ಸೋಮಾರಿಯೆಂದು ಬೈದು ಎಬ್ಬಿಸಿ ಓಡಿಸಿದ್ದೇವೆ. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಹಾಕಿ, ಕೊನೆಗೆ ಹೆಸರನ್ನೇ ಹೊಡೆದುಹಾಕಿದೆವು. ಏಕೆ ಬರಲಿಲ್ಲವೆಂದು ಒಂದು ದಿನವಾದರೂ ಅವನ ಮನೆಗೆ ಹೋಗಿ ಕೇಳಲಿಲ್ಲ.

ಮಗುವನ್ನು ಮನೆಗೆ ಕಳುಹಿಸುವ ಮುನ್ನ ವೈದ್ಯರು ಒಂದು ಗಂಟೆಯ ಹೊತ್ತು ನಮಗೆ ಪಾಠ ಹೇಳಿದರು. ಉಬ್ಬಸದವರ ಶ್ವಾಸನಾಳಗಳ ಒಳಮೈ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ನೆಗಡಿ, ಚಳಿ ತಗುಲಿದೊಡನೆ ಸುತ್ತಣ ಸ್ನಾಯುಗಳು ಬಿಗಿದುಕೊಂಡು, ಲೋಳೆ ತುಂಬಿ, ದಾರಿ ಕಿರಿದಾಗುತ್ತದೆ. ನೀಲಿ ಪಂಪು ಬಿಗಿದ ಸ್ನಾಯುವನ್ನು ಸಡಿಲಿಸುವುದು. ದಿನವೂ ಕೊಡುವ ಪಂಪು ಊತವನ್ನು ತಗ್ಗಿಸಿ ಬಿಗಿತವೇ ಬಾರದಂತೆ ಕಾಯುವುದು. ಮಗು ಚೆನ್ನಾಗಿರುವುದು ಎರಡನೆಯದರ ಫಲ. ಚೆನ್ನಾಗಿದೆಯೆಂದು ಅದನ್ನು ನಿಲ್ಲಿಸಿದರೆ ಊತ ಮರಳುತ್ತದೆ. ಅದು ಚಟವಲ್ಲ. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿದರೆ ಬಾಯಿಹುಣ್ಣಿನ ಭಯವೂ ಕಡಿಮೆ.

ಮದ್ದು ಕಟುವೆಂಬ ನಮ್ಮ ಶಂಕೆಗೆ ಅವರು ಕೊಟ್ಟ ಉತ್ತರ ಒಂದು ಲೆಕ್ಕ. ನೀಲಿ ಪಂಪನ್ನು ಒಮ್ಮೆ ಒತ್ತಿದರೆ ಬರುವ ಸಾಲ್ಬ್ಯುಟಮಾಲ್ ಎಂಬ ಔಷಧ 100 ಮೈಕ್ರೋಗ್ರಾಮ್. ಅದೇ ಔಷಧದ ಸಿರಪ್ಪನ್ನು ಸಣ್ಣ ಚಮಚದಲ್ಲಿ, ಎಂದರೆ 5 ಮಿಲಿಲೀಟರ್, ಕುಡಿಸಿದರೆ ಒಳಗೆ ಹೋಗುವುದು 2 ಮಿಲಿಗ್ರಾಮ್. ಒಂದು ಮಿಲಿಗ್ರಾಮಿಗೆ 1000 ಮೈಕ್ರೋಗ್ರಾಮ್. ಹಾಗಾದರೆ ಒಂದು ಚಮಚ ಸಿರಪ್ಪು ಇಪ್ಪತ್ತು ಒತ್ತುಗಳಿಗೆ ಸಮವಾಯಿತು. ನಿರಪಾಯವೆಂದು ನಾವು ಬಗೆಯುವ ಸಿಹಿ ಸಿರಪ್ಪು ಮೈಯನ್ನೆಲ್ಲ ಸುತ್ತಿ ಬರುತ್ತದೆ. ಪಂಪಿನದು ಬೇಕಾದ ಕಡೆಗೇ ನೇರವಾಗಿ ಹೋಗುತ್ತದೆ. ನೆರೆಯಾಕೆಯ ಬಾಟಲಿಯನ್ನು ತೋರಿಸಿದೆವು. ಅದನ್ನು ಅವರು ನಗೆಯಾಡಲಿಲ್ಲ. ಅಂಥ ಅರ್ಧ ಲೀಟರಿನ ಬಾಟಲಿಯು ಉಬ್ಬಸ ಬಂದ ಮಕ್ಕಳಿಗೆ ಅಂಗಡಿಯ ಸ್ಪೇಸರಿನಷ್ಟೇ ಕೆಲಸಕ್ಕೆ ಬರುವುದೆಂದು ದಕ್ಷಿಣ ಆಫ್ರಿಕದ ವೈದ್ಯರು ಪರೀಕ್ಷಿಸಿ 1999ರಲ್ಲಿಯೇ ಪ್ರಕಟಿಸಿದ್ದಾರಂತೆ.

ಮನೆಗೆ ಬಂದ ದಿನ ಸೊಸೆಯ ಮುಂದೆ ನಿಂತು, ತಪ್ಪಾಯಿತಮ್ಮ ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯಿಂದ ನೀವೇ ಕೊಡಿ, ಮಾವ" ಎಂದಳು.

ಆ ರಾತ್ರಿ ಚರಕಸಂಹಿತೆಯನ್ನು ಮತ್ತೆ ತೆರೆದೆವು. ತಮಕಶ್ವಾಸದ ಲಕ್ಷಣಗಳನ್ನು ಹೇಳಿ ಮುಗಿಸುವಲ್ಲಿ ಒಂದು ಮಾತಿದೆ. ಹಿಂದೆ ಎಷ್ಟೋ ಸಲ ಓದಿಯೂ ನಮ್ಮ ಕಣ್ಣಿಗೆ ಬೀಳದಿದ್ದುದು. ಈ ರೋಗವು ಯಾಪ್ಯ. ಹೊಸದಾಗಿ ಹುಟ್ಟಿದ್ದಾದರೆ ಸಾಧ್ಯವೂ ಆಗಬಹುದು. ಯಾಪ್ಯವೆಂದರೆ ಬೇರುಸಹಿತ ಕೀಳಲಾಗದಿದ್ದರೂ ಎಡೆಬಿಡದ ಉಪಚಾರದಿಂದ ಹಿಡಿತದಲ್ಲಿಟ್ಟುಕೊಳ್ಳಬಹುದಾದದ್ದು. ಬೀಳಲಿರುವ ಮನೆಯನ್ನು ಸರಿಯಾಗಿ ಕೊಟ್ಟ ಆಸರೆಗಂಬವು ನಿಲ್ಲಿಸುವಂತೆ ಯಾಪ್ಯ ರೋಗಿಯನ್ನು ಚಿಕಿತ್ಸೆಯು ನಿಲ್ಲಿಸುವುದೆಂದು ಸುಶ್ರುತನು ಉಪಮಾನ ಕೊಟ್ಟಿದ್ದಾನೆ. ಧೂಳನ್ನೂ ಹೊಗೆಯನ್ನೂ ಶ್ವಾಸರೋಗದ ಕಾರಣಗಳಲ್ಲಿ ಚರಕನೇ ಎಣಿಸಿದ್ದಾನೆ. ನಾವು ಆ ಗ್ರಂಥದ ಹೆಸರನ್ನು ಹಿಡಿದುಕೊಂಡು ಕಂಬವನ್ನು ಕಿತ್ತು ಅಟ್ಟದ ಮೇಲೆ ಇಟ್ಟಿದ್ದೆವು. ಸಾಲದುದಕ್ಕೆ ಮನೆ ತುಂಬ ಹೊಗೆಯನ್ನೂ ಹಾಕಿದ್ದೆವು.

ಇಂಥ ಮಕ್ಕಳು ಒಬ್ಬಿಬ್ಬರಲ್ಲ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು 20 ವರ್ಷಗಳ ಅವಧಿಯಲ್ಲಿ ಪರೀಕ್ಷಿಸಿದಾಗ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರಲ್ಲಿ 29.5ಕ್ಕೆ ಏರಿದ್ದಿತು. ಅವರೇ ನಗರದ 12 ಶಾಲೆಗಳಲ್ಲಿ ನೋಡಿದಾಗ, ವಾಹನಸಂಚಾರ ಕಡಿಮೆಯಿದ್ದ ಕಡೆ ನೂರಕ್ಕೆ ಸುಮಾರು 11, ಹೆಚ್ಚಿದ್ದ ಕಡೆ 19, ಹೆಚ್ಚಿನ ಸಂಚಾರದೊಡನೆ ಬಡತನವೂ ಕೂಡಿದ್ದ ಕಡೆ 31 ಮಕ್ಕಳಿಗೆ ಉಬ್ಬಸ ಕಂಡುಬಂದಿತು. ಈ ಕೊನೆಯ ಅಂಕಿಯನ್ನು ಓದುವಾಗ ನಮ್ಮ ಬೀದಿ ಕಣ್ಣ ಮುಂದೆ ನಿಲ್ಲುತ್ತದೆ. ಲೋಕದಲ್ಲಿ 2019ರಲ್ಲಿ ಸುಮಾರು 26 ಕೋಟಿ 20 ಲಕ್ಷ ಜನ ಉಬ್ಬಸದಿಂದ ಬಳಲುತ್ತಿದ್ದರೆಂದೂ 4,55,000 ಜನ ಅದರಿಂದ ಸತ್ತರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಸತ್ತವರಲ್ಲಿ ಹೆಚ್ಚಿನವರು ಬಡ ದೇಶಗಳವರು.

ಮುಂದಿನ ತಿಂಗಳು ಸಂಕ್ರಾಂತಿಯಂದು ನಮ್ಮ ಗೃಹಿಣಿಯು ಎಳ್ಳುಬೆಲ್ಲದ ತಟ್ಟೆಯನ್ನು ಹಿಡಿದು ಮೊದಲ ಸಲ ಆ ನೆರೆಮನೆಯ ಹೊಸಿಲನ್ನು ದಾಟಿದಳು. ಅಲ್ಲಿಂದಲೇ ಈ ಕೆಲಸ ಮೊದಲಾಯಿತು. ಇಬ್ಬರೂ ಸೇರಿ ಬೀದಿಯ ಮನೆಮನೆಗೂ ಹೋದರು. ಮುಚ್ಚಿಟ್ಟುಕೊಂಡಿದ್ದ ಮನೆ ನಮ್ಮದೊಂದೇ ಆಗಿರಲಿಲ್ಲ. ಒಬ್ಬರು ಕಫವೆಂದರು, ಒಬ್ಬರು ನೆಗಡಿಯೆಂದರು, ಒಬ್ಬರು ದೃಷ್ಟಿಯೆಂದರು. ಅಂದಿನಿಂದ ತಿಂಗಳಿಗೊಂದು ಭಾನುವಾರ ಗಣಪತಿ ಗುಡಿಯ ಪಡಸಾಲೆಯಲ್ಲಿ ಸೇರುತ್ತೇವೆ. ಅಂಗನವಾಡಿಯವರು, ಆಶಾ ಕಾರ್ಯಕರ್ತೆ, ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಆಟೋ ಓಡಿಸುವವರು ಎಲ್ಲರೂ ಬರುತ್ತಾರೆ. ಆರೋಗ್ಯ ಕೇಂದ್ರದ ದಾದಿಯೊಬ್ಬರು ಪಂಪು ಹಿಡಿಯುವ ಕ್ರಮವನ್ನು ತೋರಿಸುವರು. ತಾಯಂದಿರು ಒಬ್ಬೊಬ್ಬರಾಗಿ ಮಾಡಿ ತೋರಿಸಬೇಕು. ಬಿಹಾರ, ಒರಿಸ್ಸಾ ಕಡೆಯವರಿಗೆ ಶಾಲೆಯ ಹೆಣ್ಣುಮಕ್ಕಳು ಹಿಂದಿಯಲ್ಲಿ ತಿಳಿಸುವರು. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವ ಕೆಲಸ ನಮ್ಮದು. ಎಣಿಸಿ ತೋರಿಸುವ ಕೆಲಸ ಮಾತ್ರ ಈಗಲೂ ರಾಯಚೂರಿನ ಆ ತಾಯಿಯದೇ.

ಇದರಿಂದ ಆದ ಕೆಲಸಗಳು ಸಣ್ಣವು. ಒಂದು ಸೊಳ್ಳೆಬತ್ತಿಯ ಸುರುಳಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳದಕ್ಕೆ ಸಮವೆಂದು 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿದಿದೆ. ಇದನ್ನು ಹಲಗೆಯ ಮೇಲೆ ಬರೆದ ವಾರವೇ ಅನೇಕ ಮನೆಗಳಿಗೆ ಸೊಳ್ಳೆಪರದೆ ಬಂದಿತು. ಅರ್ಚಕರು ಸಾಂಬ್ರಾಣಿಯನ್ನು ಮಕ್ಕಳು ಕೂರುವ ಕಡೆಯಿಂದ ದೂರಕ್ಕೆ ಒಯ್ದರು. ಕಸ ಗುಡಿಸುವ ಮುನ್ನ ನೀರು ಚಿಮುಕಿಸುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ತರಗೆಲೆಗೆ ಬೆಂಕಿ ಹಚ್ಚದಿರುವುದು ರೂಢಿಯಾಗುತ್ತಿದೆ. ಗೋಡೆಯಲ್ಲಿ ತೇವವಿದ್ದ ಮನೆಯ ಮಾಲೀಕನ ಬಳಿಗೆ ಹತ್ತು ಜನ ಹೋಗಿ ಕೇಳಿದ ಮೇಲೆ ತಾರಸಿಯ ಸೋರಿಕೆ ನಿಂತಿತು. ಶಾಲೆಯಲ್ಲಿ ಉಬ್ಬಸದ ಮಕ್ಕಳ ನೀಲಿ ಪಂಪುಗಳು ಹೆಸರು ಬರೆದು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲೆ, ಬೀಗವಿಲ್ಲದ ಪೆಟ್ಟಿಗೆಯಲ್ಲಿ ಇವೆ. ಆ ಮಕ್ಕಳನ್ನು ಆಟದಿಂದ ಹೊರಗಿಡುವುದಿಲ್ಲ. ಮೆಲ್ಲನೆ ಆರಂಭಿಸಿ ಆಡಬಿಡುತ್ತಾರೆ, ಕುಳಿತರೆ ಕಾರಣ ಕೇಳುತ್ತಾರೆ. ಅಂಗನವಾಡಿಗೂ ಸರಕಾರಿ ಶಾಲೆಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು 2013ರಿಂದ ಪರೀಕ್ಷಿಸುವ ರೋಗಗಳ ಪಟ್ಟಿಯಲ್ಲಿ ಈ ಶ್ವಾಸರೋಗವೂ ಸೇರಿದೆ. ಅವರು ಬಂದಾಗ ಮುಚ್ಚಿಡದೆ ಹೇಳಬೇಕೆಂದು ತಾಯಂದಿರಿಗೆ ತಿಳಿಸಿದ್ದೇವೆ.

ಆಗದ ಕೆಲಸಗಳೂ ಇವೆ. ಲಾರಿಯ ಹೊಗೆ, ರಸ್ತೆಯ ಧೂಳು, ರಾತ್ರಿಯ ವೇಳೆ ಯಾರೋ ಸುಡುವ ಪ್ಲಾಸ್ಟಿಕ್ಕು, ಇವು ಪಡಸಾಲೆಯ ಮಾತಿಗೆ ಬಗ್ಗುವುವಲ್ಲ. ಇವುಗಳ ವಿಷಯವಾಗಿ ಎಲ್ಲರ ಸಹಿ ಹಾಕಿಸಿ ಅರ್ಜಿಗಳನ್ನು ಬರೆಯುತ್ತಲೇ ಇದ್ದೇವೆ. ಒಬ್ಬ ತಂದೆ ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಮೃಗಶಿರೆ ಹೊಕ್ಕ ದಿನ ಮಗನನ್ನು ಹೈದರಾಬಾದಿಗೆ ಕರೆದೊಯ್ದು, ಸಾವಿರಾರು ಜನರ ಸಾಲಿನಲ್ಲಿ ನಿಂತು, ಜೀವಂತ ಮೀನಿನ ಬಾಯಲ್ಲಿಟ್ಟ ಔಷಧವನ್ನು ನುಂಗಿಸಿಕೊಂಡು ಬರುವನು. ಹೋಗಬಹುದೇ ಎಂದು ನಮ್ಮನ್ನು ಕೇಳಿದನು. ಅಟ್ಟದ ಮೇಲೆ ಪಂಪಿಟ್ಟವರು ಇನ್ನೊಬ್ಬರ ನಂಬಿಕೆಯನ್ನು ಹಳಿಯಲು ಯೋಗ್ಯರಲ್ಲ. ಅದರಿಂದ ಉಬ್ಬಸ ವಾಸಿಯಾಗುವುದೆಂದು ವೈದ್ಯಶಾಸ್ತ್ರ ಒಪ್ಪಿಲ್ಲವೆಂಬುದನ್ನು ತಿಳಿಸಿ, "ಹೋಗುವುದಾದರೂ ದಿನದ ಪಂಪನ್ನು ಒಂದು ಹೊತ್ತೂ ಬಿಡಬೇಡಪ್ಪ, ನೀಲಿಯದು ಜೇಬಿನಲ್ಲಿರಲಿ" ಎಂದೆವು. ಒಂದು ದಿನದ ಔಷಧದಿಂದ ರೋಗ ತೀರಿಹೋಗಲಿ ಎಂಬ ಆಸೆ ತಂದೆತಾಯಿಗಳಿಗೆ ಸಹಜ. ಯಾಪ್ಯ ರೋಗದಲ್ಲಿ ಆ ಆಸೆಯೇ ಅಪಾಯ.

ಮನೆಯಲ್ಲಿ ಇಂಥ ಮಗುವಿರುವವರೂ ಇಲ್ಲದವರೂ ಇಷ್ಟನ್ನು ನೆನಪಿಡಬೇಕು. ಉಬ್ಬಸ ಬಂದಾಗ ಮಲಗಿಸದೆ ಕೂರಿಸಿ. ಸುತ್ತ ಜನ ಮುತ್ತದಿರಲಿ. ನೀಲಿ ಪಂಪನ್ನು ಸ್ಪೇಸರಿನ ಮೂಲಕ ಒಮ್ಮೆ ಒತ್ತಿ ನಾಲ್ಕು ಉಸಿರು. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ ಮತ್ತೆ ಅದೇ ಕ್ರಮ, ಕೂಡಲೇ ಆಸ್ಪತ್ರೆಗೆ, ದಾರಿಯಲ್ಲಿಯೂ ಕೊಡುತ್ತಿರಬೇಕು. ಒಂದು ವಾಕ್ಯ ಪೂರ್ತಿ ಮಾಡಲಾರದಿದ್ದರೆ, ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಕಾಯುವುದೇ ಕೂಡದು. ಎದೆಯ ಸದ್ದು ನಿಂತಿತೆಂದು ಸಮಾಧಾನಪಡಬಾರದು. ಉಸಿರೇ ಆಡದೆಯೂ ಸದ್ದು ನಿಲ್ಲಬಹುದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ನೀಲಿ ಪಂಪು ಬೇಕಾದರೆ ವೈದ್ಯರಿಗೆ ತಿಳಿಸಿ. ಮತ್ತು ಮಗುವಿನ ಔಷಧ ಎಲ್ಲಿದೆಯೆಂಬುದು ತಾಯಿಗೊಬ್ಬಳಿಗೇ ಅಲ್ಲ, ಪಕ್ಕದ ಮನೆಗೂ ಗೊತ್ತಿರಲಿ.

ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಒಂದು ಪಂಚಾಂಗ ತೂಗುಹಾಕಿದೆ. ಬೆಳಿಗ್ಗೆಯೂ ರಾತ್ರಿಯೂ ಮಗುವಿಗೆ ಪಂಪು ಕೊಟ್ಟು ಬಾಯಿ ಮುಕ್ಕಳಿಸಿದ ಮೇಲೆ ಅದರಲ್ಲಿ ಗುರುತು ಹಾಕುತ್ತೇವೆ; ಸೊಸೆ ಬಂದು ನೋಡುತ್ತಾಳೆ. ಅವಳು ಈಗ ನಮ್ಮನ್ನು ಕೇಳುವುದಿಲ್ಲ. ಹಾಜರಿ ಹಾಕುವ ಅಭ್ಯಾಸ ನಮಗೆ ಹಳೆಯದು. ಏಳನೆಯ ತರಗತಿಯ ಆ ಹುಡುಗನಿಗೆ ಇಂದು ಮೂವತ್ತೆಂಟರ ಮೇಲಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನಿಗೂ ಮಕ್ಕಳಿದ್ದರೆ, ಅವರ ಉಪಾಧ್ಯಾಯರು ಅವರನ್ನು ಓಡಿಸುವ ಮೊದಲು ಒಂದು ಮಾತು ಕೇಳಲಿ.